ಸಹಾಯ ಬೇಕು: ಎಂಪಿ3 ಪ್ಲೇಯರ್ ಬ್ಯಾಟರಿ ಎಷ್ಟು ಹೊತ್ತು ಬರುತ್ತೆ ಅಂತ ಅಳೆಯೋದು ಹೇಗೆ?

ಎಲ್ಲರಿಗೂ ನಮಸ್ಕಾರ. ದಾವಣಗೆರೆಯವರು ಯಾರಾದರೂ ಇದ್ದರೆ ಸ್ವಲ್ಪ ನೋಡಿ.

ಅಪ್ಪ ಮೆಕ್ಕೆಜೋಳದ ಹೊಲಕ್ಕೆ ಹೋಗುವಾಗ ವಚನ ಕೇಳಲಿ ಅಂತ ಒಂದು ಹಳೇ ಪ್ಲೇಯರ್ ತೆಗೆದುಕೊಂಡಿದ್ದೇನೆ. ಮಾರಿದವರು ಬ್ಯಾಟರಿ ಚೆನ್ನಾಗಿದೆ ಅಂದರು. ಮಾರುವವರು ಇನ್ನೇನು ಹೇಳ್ತಾರೆ, ಅಲ್ವಾ? ನಾನೇ ಪರೀಕ್ಷೆ ಮಾಡಬೇಕು ಅಂತಿದ್ದೇನೆ.

ಫುಲ್ ಚಾರ್ಜ್ ಮಾಡಿ, ಸ್ಕ್ರೀನ್ ಆಫ್ ಮಾಡಿ, ಒಂದೇ ವಾಲ್ಯೂಮ್‌ನಲ್ಲಿ ಹಾಡುಗಳನ್ನು ರಿಪೀಟ್‌ಗೆ ಹಾಕೋದು. ಸ್ಲೀಪ್ ಟೈಮರ್ ಇದ್ದರೆ ಅದನ್ನೂ ತೆಗೆಯೋದು. ಇಷ್ಟು ಗೊತ್ತು. ಆದರೆ ಮಧ್ಯರಾತ್ರಿ ಯಾವಾಗ ನಿಂತಿತು ಅಂತ ಯಾರು ಎದ್ದು ನೋಡ್ತಾರೆ? ಅದಕ್ಕೆ ಪ್ಲೇಯರ್‌ನಿಂದ ಲ್ಯಾಪ್‌ಟಾಪ್‌ಗೆ ವೈರ್ ಹಾಕಿ, ಅಡಾಸಿಟಿ ಅನ್ನೋ ಸೌಂಡ್ ಸಾಫ್ಟ್‌ವೇರ್‌ನಲ್ಲಿ ರೆಕಾರ್ಡ್ ಮಾಡುವ ಯೋಚನೆ. ಸದ್ದು ಎಲ್ಲಿ ನಿಂತಿದೆಯೋ ಅದೇ ಬ್ಯಾಟರಿ ಸಮಯ.

ತೊಡಕು ಇಲ್ಲಿದೆ. ಇಯರ್‌ಫೋನ್ 16 ಅಥವಾ 32 ಓಮ್ (ಕರೆಂಟ್‌ಗೆ ಒಡ್ಡುವ ತಡೆಯ ಅಳತೆ) ಇರುತ್ತದೆ. ಲ್ಯಾಪ್‌ಟಾಪ್ ಇನ್‌ಪುಟ್ ಅದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಓಮ್, ಹಾಗಾಗಿ ಕರೆಂಟ್ ಹೆಚ್ಚುಕಮ್ಮಿ ಎಳೆಯುವುದೇ ಇಲ್ಲ. ಬರುವ ಲೆಕ್ಕ ಸುಮ್ನೆ ಉದ್ದವಾಗಿ ಕಾಣುತ್ತದೆ. ಒಂದು ತೂತನ್ನು ಎರಡು ಮಾಡುವ ಸ್ಪ್ಲಿಟರ್ ಹಾಕಿ ಇಯರ್‌ಫೋನನ್ನೂ ಜೊತೆಗೇ ಸಿಕ್ಕಿಸಿದರೆ ಸರಿಹೋಗುತ್ತದಾ? ಅಥವಾ ಇಯರ್‌ಫೋನ್ ಬದಲು ಎರಡೂ ಚಾನೆಲ್‌ಗೆ 33 ಓಮ್ ರೆಸಿಸ್ಟರ್ ಬೆಸುಗೆ ಹಾಕಬಹುದಾ?

ಇನ್ನೊಂದು, ನನ್ನ ಲ್ಯಾಪ್‌ಟಾಪ್‌ನಲ್ಲಿ ಹೆಡ್‌ಫೋನ್‌ಗೂ ಮೈಕ್‌ಗೂ ಒಂದೇ ತೂತು. ಸಾದಾ ವೈರ್ ಹಾಕಿದರೆ ಮೈಕ್ ಅಂತ ಗುರುತಿಸಲ್ಲ. ಮೈಕ್ ಇನ್‌ಪುಟ್ ಇರುವ ಯುಎಸ್‌ಬಿ ಸೌಂಡ್ ಕಾರ್ಡ್ ದಾವಣಗೆರೆಯಲ್ಲಿ ಎಲ್ಲಿ ಸಿಗುತ್ತದೆ? ಅಶೋಕ ರಸ್ತೆ ಕಡೆ ಸಿಗಬಹುದಾ? ಯಾರ ಹತ್ತಿರವಾದರೂ ಇದ್ದರೆ ಒಂದು ರಾತ್ರಿ ಮಟ್ಟಿಗೆ ಕೊಟ್ಟರೂ ಸಾಕು, ನಾನೇ ಬಂದು ತೆಗೆದುಕೊಂಡು ಹೋಗ್ತೇನೆ.