ಪದ ಬೇಕು: ಮಾಡೆಲ್ ಕಾರಿನ ಡೀಕಲ್‌ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೆ,
1/20 ಅಳತೆಯ ಲೋಟಸ್ 49 (ಫಾರ್ಮುಲಾ ಒನ್ ರೇಸ್ ಕಾರು) ಕಿಟ್‌ನ ಜೋಡಣೆ ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಬೆಳಗ್ಗೆ ಮುದ್ರಣಕ್ಕೆ ಹೋಗಬೇಕು. ಡೀಕಲ್ (ನಂಬರು, ಪಟ್ಟಿ ಮುದ್ರಿಸಿದ ತೆಳುಪೊರೆ) ಹತ್ತಿರ ಸಿಕ್ಕಿಬಿದ್ದಿದ್ದೇನೆ. ಸ್ಟಿಕ್ಕರ್ ಅಂದರೆ ಹಾಳೆಯಿಂದ ಕಿತ್ತು ಅಂಟಿಸಲು ಹೋಗುತ್ತಾರೆ. ಇದನ್ನು ಕತ್ತರಿಸಿ, ಉಗುರುಬೆಚ್ಚಗಿನ ನೀರಿನಲ್ಲಿ 15–20 ಸೆಕೆಂಡು ಅದ್ದಿ, ಹೊರಗೆ ಒಂದು ನಿಮಿಷ ಬಿಟ್ಟು, ಕಾಗದದಿಂದ ಬಾಡಿಯ ಮೇಲೆ ಜಾರಿಸಬೇಕು. ಸದ್ಯಕ್ಕೆ "ನೀರಚ್ಚು" ಎಂದಿಟ್ಟಿದ್ದೇನೆ. ಅಡಿಯಲ್ಲಿ ಗಾಳಿ ಸಿಕ್ಕಿ ಅಂಚು ಬೆಳ್ಳಗೆ ಹೊಳೆಯುವ ದೋಷಕ್ಕೆ (ಸಿಲ್ವರಿಂಗ್) "ಬೆಳ್ಳಿಗಟ್ಟುವಿಕೆ". ಸರಿಯೇ?

----
> ನೀರಚ್ಚು

ಬೇಡ. ಅದೇ ಕೈಪಿಡಿಯಲ್ಲಿ ಗಾಲಿಯ ಅಚ್ಚು ಬರುತ್ತದೆ, ಭಾಗಗಳನ್ನು ಎರೆದ ಅಚ್ಚೂ ಬರುತ್ತದೆ. ಮೊದಲನೆಯದು ಅಕ್ಷದ ತದ್ಭವ, ಎರಡನೆಯದು ನಮ್ಮದೇ. "5ನೇ ಅಚ್ಚನ್ನು ನೀರಿನಲ್ಲಿ ಅದ್ದಿ" ಅಂದರೆ ಯಾವುದನ್ನು ಅದ್ದಲಿ? "ನೀರುಹಚ್ಚೆ" ಅನ್ನಿ. ಮಕ್ಕಳು ಒದ್ದೆ ಮಾಡಿ ಕೈಗೆ ಒತ್ತಿಕೊಳ್ಳುವುದೂ ಇದೇ ಜಾತಿಯದು.

----
ಹಚ್ಚೆಯ ಬೇರು ಪಚ್ಚೆ, ಅಂದರೆ ಹಸಿರು. ತಮಿಳರು ಈಗಲೂ "ಪಚ್ಚೈ" ಕುತ್ತುತ್ತಾರೆ. ಲೋಟಸ್‌ನ ಹಳದಿ ಪಟ್ಟಿಗೆ ಹಚ್ಚೆ ಅನ್ನುವುದೇ? ಡೀಕಲ್ ಸಾಕು. ಇಂಗ್ಲಿಷರೂ ಫ್ರೆಂಚಿನ ದೆಕಾಲ್ಕೊಮನಿಯನ್ನು ತಂದು ಬಾಲ ಕತ್ತರಿಸಿಕೊಂಡರು, ಹೊಸ ಪದ ಕಟ್ಟಲಿಲ್ಲ.

"ಬೆಳ್ಳಿಗಟ್ಟುವಿಕೆ" ಇನ್ನೂ ಕೆಟ್ಟದ್ದು. ಓದುವವನಿಗೆ ಬೇಕಾದದ್ದು ಕಾರಣ. ಮ್ಯಾಟ್ ಬಣ್ಣದ ಮೇಲ್ಮೈ ತರಿತರಿ, ತಗ್ಗುಗಳಲ್ಲಿ ಗಾಳಿ ಕೂರುತ್ತದೆ. ಮೊದಲು ಹೊಳಪಿನ ಕ್ಲಿಯರ್ (ಬಣ್ಣವಿಲ್ಲದ ಲೇಪ) ಹೊಡೆದು ಒಂದು ದಿನ ಪೂರ್ತಿ ಒಣಗಿಸಬೇಕು. ಆಮೇಲೆ ಮೈಕ್ರೋ ಸೆಟ್ (ಡೀಕಲ್ ಹಿಡಿಸುವ ದ್ರವ) ಸವರಿ ಡೀಕಲ್ ಇಟ್ಟು, ನೀರು ಒತ್ತಿ ತೆಗೆದು, ಮೇಲಿಂದ ಮೈಕ್ರೋ ಸಾಲ್ (ಅದನ್ನು ಮೆತ್ತಗಾಗಿಸುವ ದ್ರವ). ಸಾಲ್ ಬಿದ್ದ ಕೂಡಲೇ ಸುಕ್ಕಾಗುತ್ತದೆ, ಮುಟ್ಟಕೂಡದು. ಒಣಗುತ್ತ ತಾನೇ ಕೂರುತ್ತದೆ, ಮುಟ್ಟಿದರೆ ಹರಿಯುತ್ತದೆ. "ಗಾಳಿ ಸಿಕ್ಕಿ ಬೆಳ್ಳಗಾದರೆ" ಎಂದು ಬರೆಯಿರಿ, ನಾಮಪದವೇ ಬೇಡ.

----
ಸ್ವಾಮಿ, ಬೇರಿನ ಅರ್ಥವೇ ಇಂದಿನ ಅರ್ಥವಾದರೆ ಎಣ್ಣೆ (ಎಳ್+ನೆಯ್) ಎಳ್ಳಿನದು ಮಾತ್ರ; ಕಡಲೆಕಾಯಿ ಎಣ್ಣೆಯನ್ನು ನಿಘಂಟಿನಿಂದ ತೆಗೆಸಿ. ಇಂಗ್ಲಿಷರು ಕಡ ತಂದರೆಂದು ನಾವೂ ತರಬೇಕೆ? ಹೀಗೇ ಟೈರು, ಬ್ರೇಕು, ಚಾಸಿ ಎಲ್ಲ ಒಳಗೆ ಬಂದವು. ಚಾಸಿಗೆ "ಅಡಿಗಟ್ಟು" ಅಂದರೆ ಯಾರಿಗೆ ತಿಳಿಯದು?

----
> ಅಡಿಗಟ್ಟು

ಈ ಕಾರು ಕಟ್ಟುವವರಿಗೇ ತಿಳಿಯದು. 49ರಲ್ಲಿ ತೊಟ್ಟಿಯಂಥ ಮೊನೋಕಾಕ್ (ಹೊರಕವಚವೇ ಭಾರ ಹೊರುವ ಒಡಲು) ಚಾಲಕನ ಬೆನ್ನ ಹಿಂದೆ ಮುಗಿಯುತ್ತದೆ. ಅದಕ್ಕೆ ಬೋಲ್ಟ್ ಮಾಡಿದ ಕಾಸ್‌ವರ್ತ್ ಡಿಎಫ್‌ವಿ ಎಂಜಿನ್ನೇ ಹಿಂಬದಿಯ ಭಾರ ಹೊರುತ್ತದೆ, ಎಂಜಿನ್ ಅಡಿಯಲ್ಲಿ ಕಟ್ಟು ಗಿಟ್ಟು ಏನೂ ಇಲ್ಲ. ನಿಮ್ಮ ಪದ ನಂಬಿದವನು ಕಿಟ್‌ನಲ್ಲಿ ಇಲ್ಲದ ಭಾಗ ಹುಡುಕುತ್ತಾನೆ. ಮಾಡೆಲ್‌ನಲ್ಲೂ ತೊಟ್ಟಿಗೆ ಎಂಜಿನ್ ಸೊಟ್ಟ ಕೂತರೆ ನಾಲ್ಕು ಗಾಲಿ ನೆಲ ಮುಟ್ಟುವುದಿಲ್ಲ. ಅಂಟು ಹಸಿಯಿರುವಾಗಲೇ ಗಾಜಿನ ಮೇಲಿಟ್ಟು ಸರಿಪಡಿಸಬೇಕು ಎಂದೂ ಸೇರಿಸಿ.

----
ಮೊನೋಕಾಕ್ ಅನ್ನಬಹುದು, ಅಡಿಗಟ್ಟು ಅನ್ನಬಾರದು. ಭಲೆ!

----
ಜಗಳ ನಾಳೆಗಿರಲಿ ಸಾರ್. ಡೀಕಲ್ ಎಂದೇ ಹಾಕಿದ್ದೇನೆ, ಬೆಳ್ಳಿ ತೆಗೆದಿದ್ದೇನೆ. ಇನ್ನೊಂದು: 1967ರ ಜಾಂಡ್‌ಫೂರ್ಟ್ ರೇಸಿನಲ್ಲಿ (ಡಚ್ ಗ್ರಾನ್ ಪ್ರಿ) ಜಿಮ್ ಕ್ಲಾರ್ಕ್ ಗೆದ್ದ ಕಾರಿನ ಹಳದಿ ಪಟ್ಟಿಯನ್ನು ಹಸಿರಿನ ಮೇಲೆ ನೇರ ಇಟ್ಟರೆ ಮಂಕಾಗುತ್ತದೆ. "ಅಡಿಬಣ್ಣ ಇಣುಕುತ್ತದೆ" ಅನ್ನಬಹುದೆ?

----
ಅನ್ನಬಹುದು. ಪಟ್ಟಿಯ ಜಾಗ ಬಿಟ್ಟು ಅದರ ಎರಡೂ ಬದಿಗೆ ಮಾಸ್ಕಿಂಗ್ ಟೇಪ್ ಅಂಟಿಸಿ ಮೊದಲು ಬಿಳಿ, ಆಮೇಲೆ ಹಳದಿ ಹೊಡೆಯಲು ಹೇಳಿ. ಡೀಕಲ್ ನಂಬರಿಗೆ ಮಾತ್ರ ಸಾಕು.