ಸ್ವೀಟ್ ಬೇಡ ಅಂದ ಮಾತ್ರಕ್ಕೆ ಮೋಸಗಾರರಾ, ಪುಟ್ಟಿ?

ಪುಟ್ಟಿ, ನಿನ್ನ ಮೆಸೇಜ್ ನೋಡಿದೆ. ಟೈಪ್ ಮಾಡಲು ಕಣ್ಣು ಕಾಣಲ್ಲ, ಬಾಯಲ್ಲೇ ಹೇಳುತ್ತೇನೆ, ಪೂರ್ತಿ ಕೇಳು. ದೀಪಾವಳಿಗೆ ಮಕ್ಕಳ ಆಶ್ರಮಕ್ಕೆ 60 ಸ್ವೀಟ್ ಬಾಕ್ಸ್, ಹಳೇ ಬಟ್ಟೆ ತರುತ್ತೇವೆ ಅಂದಿದ್ದಕ್ಕೆ ವಾರ್ಡನ್ ‘ಸ್ವೀಟ್ ಮಾತ್ರ ಬೇಡಮ್ಮ’ ಅಂದರಂತೆ. ದುಡ್ಡು ಹೊಡೆಯೋ ಜಾಗ ಇರಬಹುದಾ ದೊಡ್ಡಮ್ಮ ಅಂತ ಕೇಳಿದ್ದೀಯ. ಬೇಡ ಅಂದ ಮಾತ್ರಕ್ಕೆ ಮೋಸಗಾರರಾಗುತ್ತಾರಾ? ನನಗೂ ಅವತ್ತು ಯಾರಾದರೂ ಬೇಡ ಅಂದಿದ್ದರೆ ಎಷ್ಟೋ ಚೆನ್ನಾಗಿತ್ತು.

ನಿಮ್ಮ ದೊಡ್ಡಪ್ಪ ರಿಟೈರ್ ಆದ ವರ್ಷ. ಮೈಸೂರಿನ ಆ ಮನೆಯ ಅಡುಗೆಮನೆ ನಿಮಗೆಲ್ಲ ಗೊತ್ತು, ಇಬ್ಬರು ನಿಂತರೆ ಮೂರನೆಯವರು ಹೊರಗೆ. ಅಲ್ಲೇ ನಿಂತು 8 ಕೆಜಿ ಮೈಸೂರು ಪಾಕ್ ತಿರುವಿದೆ. ಕಾದ ತುಪ್ಪ ಸುರಿಯುತ್ತಾ ಗೂಡು ಬಿಟ್ಟ ತಕ್ಷಣ ಇಳಿಸಬೇಕು, ಒಂದು ನಿಮಿಷ ತಡವಾದರೆ ಕಲ್ಲು. ತುಪ್ಪ ಸಿಡಿದ ಕಲೆ ಮುಂಗೈ ಮೇಲೆ ಇನ್ನೂ ಇದೆ.

ಮಧ್ಯಾಹ್ನ ಆಶ್ರಮಕ್ಕೆ ಹೋದರೆ ನಾವು ಆರನೆಯವರು! ಆಫೀಸ್ ರೂಮಿನ ಮೂಲೆಯಲ್ಲಿ ಸ್ವೀಟ್ ಬಾಕ್ಸ್ ಸೊಂಟದೆತ್ತರ ಪೇರಿಸಿದ್ದರು, ಗೋಡೆ ಮೇಲಿಂದ ಇರುವೆ ಸಾಲು. ಐದು ಸಲ ಕೈ ಮುಗಿದು ನಿಂತಿದ್ದ ಮಕ್ಕಳು ನಮಗೂ ಒಂದು ಸಲ ನಿಂತವು. ಒಬ್ಬ ಸಣ್ಣ ಹುಡುಗ ತುಂಡನ್ನು ಕೈಯಲ್ಲೇ ಹಿಡಿದು ನನ್ನ ಮುಖ ನೋಡುತ್ತಿದ್ದ, ತಿನ್ನಲೇಬೇಕಾ ಅನ್ನೋ ಹಾಗೆ. ಅಡುಗೆಯವಳು ಹಿತ್ತಲಿಗೆ ಕರೆದು, ‘ಅಮ್ಮಾ, ಬೆಳಗ್ಗೆಯಿಂದ ಮೂರು ಮಕ್ಕಳಿಗೆ ವಾಂತಿ. ಇತ್ತ ತೊಗರಿಬೇಳೆ ನಾಳೆಗೆ ಖಾಲಿ’ ಅಂದಳು. ಬಟ್ಟೆ ಕಥೆ ಕೇಳಲೇಬೇಡ. ದೊಡ್ಡಪ್ಪನ 38 ಸೈಜಿನ ಪ್ಯಾಂಟನ್ನು ಹತ್ತು ವರ್ಷದ ಹುಡುಗರಿಗೆ ಅಂತ ಒಯ್ದಿದ್ದೆ.

ಕೇಳದೆ ಏನೂ ಹೊತ್ತುಕೊಂಡು ಹೋಗಬೇಡ. ಬಲಿಪಾಡ್ಯಮಿ ದಿನ ಯಾರನ್ನು ಪೂಜೆ ಮಾಡುತ್ತೇವೆ? ಆ ಬಲಿ ಚಕ್ರವರ್ತಿಯೂ ವಾಮನನನ್ನು ಮೊದಲು ಏನು ಬೇಕಪ್ಪಾ ಅಂತ ಕೇಳಿದ. ಮೂರು ಹೆಜ್ಜೆ ಅಂದರೆ ಮೂರು ಹೆಜ್ಜೆ ಕೊಟ್ಟ. ಮೈಸೂರು ಪಾಕ್ ಸುರಿಯಲಿಲ್ಲ.

ಅವತ್ತು ಬಸವನಗುಡಿಯ ನೆಂಟರೂ ಬಂದಿದ್ದರು. ಹೆಸರು ಹೇಳಲ್ಲ, ನಮ್ಮ ಫ್ಯಾಮಿಲಿ ಗ್ರೂಪಿನಲ್ಲೇ ಇದ್ದಾರೆ. ಒಂದು ಚಮಚ ತಿರುವಿದವರಲ್ಲ. ರೇಷ್ಮೆ ಸೀರೆ ಉಟ್ಟು ಬಂದು, ನನ್ನ ತಟ್ಟೆ ತಾವು ಹಿಡಿದು ಫೋಟೋ ತೆಗೆಸಿಕೊಂಡರು. ನಾನು ಒಂದರಲ್ಲೂ ಇಲ್ಲ, ಮೊಣಕೈ ಮಾತ್ರ ಕಾಣುತ್ತೆ. ನನ್ನ ದಪ್ಪ ತಳದ ಬಾಣಲೆ ಒಯ್ದವರು ಇವತ್ತಿನವರೆಗೂ ವಾಪಸ್ ಕೊಟ್ಟಿಲ್ಲ. ಕೇಳಿದರೆ ಯಾವ ಬಾಣಲೆ ಅತ್ತಿಗೆ ಅಂತಾರೆ! ಹೋಗಲಿ ಬಿಡು.

ಅಯ್ಯೋ, ಹೇಳಬೇಕಾದದ್ದೇ ಮರೆತೆ. ನೋಡು, ನಿನ್ನ ಆಶ್ರಮದವರ ರಿಜಿಸ್ಟ್ರೇಷನ್ ಕೇಳು. ಮಕ್ಕಳನ್ನು ಇಟ್ಟುಕೊಂಡ ಯಾವ ಆಶ್ರಮವೇ ಆಗಲಿ, 2015ರ ಬಾಲನ್ಯಾಯ ಕಾಯ್ದೆಯಲ್ಲಿ ನೋಂದಣಿ ಆಗಿರಲೇಬೇಕು. ಅದಿದ್ದರೆ ವಾರ್ಡನ್ ಹತ್ತಿರ ಬೇಕಾದ್ದರ ಪಟ್ಟಿ ಇಸ್ಕೊ. ಸೋಪು, ಕೊಬ್ಬರಿ ಎಣ್ಣೆ, ಒಳ ಉಡುಪು, ನೋಟ್‌ಬುಕ್, ಇಂಥದ್ದೇ ಇರುತ್ತೆ. ಮಕ್ಕಳ ಮುಖ ಕಾಣೋ ಫೋಟೋ ಸ್ಟೇಟಸ್‌ಗೆ ಹಾಕಬೇಡ, ಅದೇ ಕಾಯ್ದೆಯಲ್ಲಿ ಆರು ತಿಂಗಳವರೆಗೆ ಜೈಲು, ಇಲ್ಲ 2 ಲಕ್ಷ ರೂಪಾಯಿವರೆಗೆ ದಂಡ, ಇಲ್ಲ ಎರಡೂ ಇದೆ. ದುಡ್ಡು ಬ್ಯಾಂಕಿನಿಂದಲೇ ಕಳಿಸು, 2,000ಕ್ಕಿಂತ ಜಾಸ್ತಿ ನಗದು ಕೊಟ್ಟರೆ ತೆರಿಗೆ ವಿನಾಯಿತಿ ಸಿಗಲ್ಲ. ಆ ವಿನಾಯಿತಿಯೂ ಹಳೇ ತೆರಿಗೆ ಪದ್ಧತಿಯಲ್ಲಿ ಕಟ್ಟುವವರಿಗೆ ಮಾತ್ರ, ನಿನ್ನ ಗಂಡನಿಗೆ ಗೊತ್ತಿರುತ್ತೆ. ಇನ್ನೊಂದು ಸಲ ಹೇಳುತ್ತೇನೆ, ಕೇಳದೆ ಏನೂ ಹೊತ್ತುಕೊಂಡು ಹೋಗಬೇಡ.

ಆ ಅಡುಗೆಯವಳು ಇನ್ನೊಂದು ಮಾತು ಅಂದಿದ್ದಳು, ಆಷಾಢದಲ್ಲಿ ಒಬ್ಬರೂ ಬರಲ್ಲಮ್ಮ ಅಂತ. ನಿನ್ನ ಆಶ್ರಮದಲ್ಲಿ ಆಷಾಢದ ಒಂದು ದಿನದ ಊಟಕ್ಕೆ ನನ್ನ ಹೆಸರು ಬರೆಸು. ಎಷ್ಟಾಗುತ್ತೆ ಹೇಳು, ಗೂಗಲ್ ಪೇ ಮಾಡುತ್ತೇನೆ. ಅದು ಹೇಗೆ ಮಾಡೋದು ಅಂತ ಮಾತ್ರ ಇನ್ನೊಂದು ಸಲ ಹೇಳಿಕೊಡಬೇಕು.