ಹೆಬ್ರಿಡೀಸ್ ದ್ವೀಪಗಳಲ್ಲಿ ಸೈಕಲ್ ಪ್ರವಾಸ: ಉತ್ತರದಿಂದ ಹೊರಡುವುದೋ, ದಕ್ಷಿಣದಿಂದಲೋ?

ಪ್ರಶ್ನೆ (ದಾವಣಗೆರೆಯಿಂದ)

ಎಲ್ಲರಿಗೂ ನಮಸ್ಕಾರ. ಬರುವ ಜೂನ್‌ನಲ್ಲಿ ನನಗೆ ಹನ್ನೆರಡು ದಿನಗಳ ರಜೆ ಸಿಗಲಿದೆ. ಸ್ಕಾಟ್ಲೆಂಡಿನ ಪಶ್ಚಿಮ ಕಡಲಿನ ಔಟರ್ ಹೆಬ್ರಿಡೀಸ್ ದ್ವೀಪಗಳನ್ನೂ ಅವುಗಳ ಎದುರಿನ ಹೈಲ್ಯಾಂಡ್ಸ್ ಬೆಟ್ಟಸೀಮೆಯನ್ನೂ ಸೈಕಲ್ಲಿನಲ್ಲಿ ಸುತ್ತಬೇಕೆಂಬ ಹಲವು ವರ್ಷಗಳ ಆಸೆ ಈ ಸಲ ಕೈಗೂಡುವಂತಿದೆ. ಉಲ್ಲಾಪೂಲ್‌ನಿಂದ ಹಡಗಿನಲ್ಲಿ ಸ್ಟಾರ್ನೊವೇಗೆ ಹೋಗಿ, ಲೂಯಿಸ್, ಹ್ಯಾರಿಸ್, ಯೂಯಿಸ್ಟ್ ದ್ವೀಪಗಳ ಮೂಲಕ ದಕ್ಷಿಣದ ಬಾರಾಗೆ ಬಂದು ಮುಗಿಸುವುದು ಸದ್ಯದ ಯೋಜನೆ. ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಹೋಗಿ ಅದೇ ದಿನ ಹಿಂದಿರುಗುವುದು ನನಗೆ ರೂಢಿಯಿರುವುದರಿಂದ ದಿನಕ್ಕೆ 100 ಕಿ.ಮೀ. ಲೆಕ್ಕ ಹಾಕಿದ್ದೇನೆ. ಈ ಲೆಕ್ಕ ಸರಿಯೇ? ನಾನು ಸಸ್ಯಾಹಾರಿಯಾದ್ದರಿಂದ ಊಟದ ವ್ಯವಸ್ಥೆಯ ಬಗ್ಗೆಯೂ ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ 1 (ಚಿತ್ರದುರ್ಗದಿಂದ)

ಸರ್, ನಿಮ್ಮ ಯೋಜನೆಯನ್ನು ತಿರುಗಿಸಿಕೊಳ್ಳಿ ಎಂಬುದೇ ನನ್ನ ಮೊದಲ ಸಲಹೆ. ಅಲ್ಲಿ ಗಾಳಿ ಹೆಚ್ಚಾಗಿ ನೈಋತ್ಯದಿಂದ ಬೀಸುತ್ತದೆ. ದಕ್ಷಿಣದಿಂದ ಹೊರಟವರಿಗೆ ಅದು ಬೆನ್ನಿಗೆ ಬರುತ್ತದೆ, ಉತ್ತರದಿಂದ ಹೊರಟವರಿಗೆ ಎದೆಗೆ ಹೊಡೆಯುತ್ತದೆ. ಆಷಾಢದಲ್ಲಿ ನಮ್ಮ ಗಾಳಿಯಂತ್ರಗಳ ಗುಡ್ಡಗಳ ಕಡೆಗೆ ಎದುರುಗಾಳಿಯಲ್ಲಿ ಒಮ್ಮೆ ಸೈಕಲ್ ತುಳಿದು ನೋಡಿದರೆ ನಾನು ಹೇಳುವುದು ಅರ್ಥವಾಗುತ್ತದೆ. ಇಲ್ಲಾದರೆ ಬೇವಿನ ಮರದ ಮರೆಯಲ್ಲಿ ನಿಂತು ದಣಿವಾರಿಸಿಕೊಳ್ಳಬಹುದು, ಆ ದ್ವೀಪಗಳಲ್ಲಿ ಮರಗಳೇ ವಿರಳ. ಎರಡು ವರ್ಷಗಳ ಹಿಂದೆ ಸೌತ್ ಯೂಯಿಸ್ಟ್‌ನಲ್ಲಿ ಒಂದು ಮಧ್ಯಾಹ್ನ ಗಾಳಿ ದಿಕ್ಕು ಬದಲಿಸಿ ಎದುರಾದಾಗ, ಸಮತಟ್ಟಾದ ರಸ್ತೆಯಲ್ಲಿಯೇ ಕಡಿಮೆ ಗೇರಿಗೆ ಇಳಿದು ಗಂಟೆಗೆ ಎಂಟು ಕಿ.ಮೀ. ಕೂಡ ಸಾಗಲಾರದೆ ಹೋದೆ.

ಆದ್ದರಿಂದ ಗ್ಲ್ಯಾಸ್ಗೊದಿಂದ ರೈಲಿನಲ್ಲಿ ಓಬನ್ ತಲುಪಿ, ಅಲ್ಲಿಂದ ಬಾರಾದ ಕಾಸಲ್‌ಬೇಗೆ ಹಡಗು ಹಿಡಿಯಿರಿ. ಪ್ರಯಾಣ ಸುಮಾರು ಐದು ಗಂಟೆ, ಸೈಕಲ್ಲಿಗೆ ಪ್ರತ್ಯೇಕ ಶುಲ್ಕವಿಲ್ಲ. ಬಾರಾದ ಪಕ್ಕದ ವಾಟರ್ಸೆ ದ್ವೀಪದಿಂದ ಲೂಯಿಸ್‌ನ ಉತ್ತರ ತುದಿಯ ದೀಪಸ್ತಂಭದವರೆಗಿನ ಹೆಬ್ರಿಡಿಯನ್ ವೇ ಮಾರ್ಗದ ಉದ್ದ 297 ಕಿ.ಮೀ. ಅದು ಹತ್ತು ದ್ವೀಪಗಳನ್ನು ದಾಟುತ್ತದೆ. ಹೆಚ್ಚಿನವುಗಳ ನಡುವೆ ಕಡಲಿಗೆ ಕಲ್ಲುಮಣ್ಣು ತುಂಬಿ ಕಟ್ಟಿದ ಏರಿರಸ್ತೆಗಳಿವೆ (ಎರಿಸ್ಕೇಯದು 2001ರಲ್ಲಿ ತೆರೆಯಿತು), ಬಾರಾ–ಎರಿಸ್ಕೇ ಮತ್ತು ಬರ್ನರೇ–ಹ್ಯಾರಿಸ್ ನಡುವೆ ಮಾತ್ರ ಮತ್ತೆ ಹಡಗು ಹತ್ತಬೇಕು. ಹೀಗೆ ಹಡಗಿನ ವೇಳೆಗೂ ಗಾಳಿಗೂ ಬಗ್ಗಿ ನಡೆಯಬೇಕಾದ ದಾರಿಯಲ್ಲಿ ದಿನಕ್ಕೆ 100 ಕಿ.ಮೀ. ಎಂಬ ಲೆಕ್ಕವನ್ನು ಬಿಟ್ಟು 50ರಿಂದ 60 ಇಟ್ಟುಕೊಳ್ಳಿ. ಜೂನ್‌ನಲ್ಲಿ ಹಗಲು ಹದಿನೆಂಟು ಗಂಟೆ ಇರುವುದರಿಂದ ಗಾಳಿ ಇಳಿಯುವವರೆಗೆ ಕಾಯಲು ಸಮಯ ಬೇಕಾದಷ್ಟಿರುತ್ತದೆ.

ಉತ್ತರ 2 (ದಾವಣಗೆರೆಯಿಂದ)

ಮೇಲಿನವರು ಹೇಳಿದ್ದು ಸರಿ. ಗಾಳಿಯಷ್ಟೇ ಮುಖ್ಯವಾದುದು ಭಾನುವಾರ. ಹ್ಯಾರಿಸ್ ಮತ್ತು ಲೂಯಿಸ್ ದ್ವೀಪಗಳ ಜನರು ಆ ದಿನವನ್ನು ದೇವರ ದಿನವೆಂದು ಶ್ರದ್ಧೆಯಿಂದ ಪಾಲಿಸುತ್ತಾರೆ, ಅಂಗಡಿ ಹೋಟೆಲುಗಳು ಬಹುತೇಕ ಮುಚ್ಚಿರುತ್ತವೆ. ಸ್ಟಾರ್ನೊವೇಯಿಂದ ಉಲ್ಲಾಪೂಲ್‌ಗೆ ಭಾನುವಾರದ ಹಡಗು ಮೊದಲು ಹೊರಟದ್ದೇ 2009ರಲ್ಲಿ. ಇದನ್ನು ತಿಳಿಯದೆ ನಾವು ಶನಿವಾರ ಸಂಜೆ ಬರಿಗೈಯಲ್ಲಿ ಹ್ಯಾರಿಸ್ ತಲುಪಿ, ಮರುದಿನವೆಲ್ಲ ಚೀಲದಲ್ಲಿ ಉಳಿದಿದ್ದ ಅವಲಕ್ಕಿ ಮತ್ತು ಶೇಂಗಾ ಚಟ್ನಿಪುಡಿಯಲ್ಲಿ ಕಳೆದೆವು. ನಿಮ್ಮ ಭಾನುವಾರ ಬಾರಾ ಅಥವಾ ಸೌತ್ ಯೂಯಿಸ್ಟ್‌ನಲ್ಲಿ ಬೀಳುವಂತೆ ದಿನಗಳನ್ನು ಜೋಡಿಸಿಕೊಳ್ಳಿ, ಅಲ್ಲಿ ಕ್ಯಾಥೊಲಿಕರು ಹೆಚ್ಚಾಗಿದ್ದು ಕಟ್ಟುನಿಟ್ಟು ಅಷ್ಟಿಲ್ಲ. ಮಂಡಕ್ಕಿ, ಅವಲಕ್ಕಿ ಒಯ್ಯಬಹುದು. ಬೆಣ್ಣೆ, ತುಪ್ಪ ಬೇಡ, ಹಾಲಿನ ಪದಾರ್ಥಗಳನ್ನು ಇಲ್ಲಿಂದ ಬ್ರಿಟನ್ನಿಗೆ ಒಯ್ಯುವಂತಿಲ್ಲ.

ಸಾಧ್ಯವಾದರೆ ಹ್ಯಾರಿಸ್ ಟ್ವೀಡ್ ನೇಯುವ ಮನೆಯೊಂದರ ಮುಂದೆ ಇಳಿಯಿರಿ. ದ್ವೀಪದವರು ತಮ್ಮ ಮನೆಯಲ್ಲಿಯೇ ಕೈಮಗ್ಗದಲ್ಲಿ ನೇಯ್ದ ಬಟ್ಟೆಗೆ ಮಾತ್ರ ಆ ಹೆಸರು ಸಲ್ಲುತ್ತದೆಂದು 1993ರ ಕಾಯಿದೆಯೇ ಇದೆ. ಸೈಕಲ್ ತುಳಿದಂತೆ ಪೆಡಲ್ ತುಳಿದು ನಡೆಸುವ ಮಗ್ಗಗಳೂ ಅಲ್ಲಿವೆ. ನನ್ನ ತಾಯಿಯ ತವರು ಮೊಳಕಾಲ್ಮೂರು. ಮಗ್ಗದ ಸದ್ದು ಕೇಳುತ್ತಲೇ ಅಜ್ಜನ ಮನೆಯ ನಡುಮನೆ ಕಣ್ಣಮುಂದೆ ಬಂದು, ಅಲ್ಲಿಂದ ಹೊರಡಲು ನನಗೆ ಮನಸ್ಸಾಗಲಿಲ್ಲ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಓಬನ್‌ನಿಂದಲೇ ಹೊರಡುತ್ತೇನೆ. ದ್ವೀಪಗಳಿಗೆ ಏಳು ದಿನ ಕೊಟ್ಟರೆ ಬೆಟ್ಟಸೀಮೆಗೆ ಉಳಿಯುವುದು ನಾಲ್ಕೈದು ದಿನ. ಅಷ್ಟರಲ್ಲಿ ಬೇಲಕ್ ನಾ ಬಾ ಕಣಿವೆಮಾರ್ಗವನ್ನು ಏರಬಹುದೇ?

ಉತ್ತರ 1 (ಚಿತ್ರದುರ್ಗದಿಂದ)

ಏರಬಹುದು ಸರ್. ಉಲ್ಲಾಪೂಲ್‌ನಲ್ಲಿ ಇಳಿದು ಗೇರ್ಲಾಕ್, ಟಾರಿಡನ್, ಶೀಲ್ಡೇಗ್ ದಾಟಿ ಕಡಲಂಚಿನ ರಸ್ತೆಯಲ್ಲಿ ಆ್ಯಪಲ್‌ಕ್ರಾಸ್ ತಲುಪಲು ಮೂರು ದಿನ ಇಟ್ಟುಕೊಳ್ಳಿ. ಆ ಕಡೆಯಿಂದ ಏರು ಸೌಮ್ಯ. ಎದುರು ಬದಿಯಿಂದ ಬಂದರೆ ಕಡಲಮಟ್ಟದಿಂದ 626 ಮೀಟರ್ ಎತ್ತರಕ್ಕೆ ಹತ್ತಬೇಕಾಗಿ, ಕೆಲವೆಡೆ ರಸ್ತೆಯ ಇಳಿಜಾರು ಶೇ. 20ರ ಹತ್ತಿರವಿದೆ. ಸಾಮಾನು ಹೊತ್ತ ಸೈಕಲ್ಲಿನಲ್ಲಿ ಅದನ್ನು ಇಳಿಯುವಾಗ ತಿರುವುಗಳಲ್ಲಿ ಬ್ರೇಕ್ ಬಿಸಿಯಾಗುತ್ತದೆ, ಆದ್ದರಿಂದ ಹೊಸ ಬ್ರೇಕ್ ಪ್ಯಾಡ್ ಹಾಕಿಸಿಕೊಂಡೇ ಹೋಗಿ. ರಸ್ತೆ ಒಂದೇ ವಾಹನದಷ್ಟು ಅಗಲವಾಗಿದ್ದು, ಎದುರು ಬರುವವರಿಗೆ ಅಲ್ಲಲ್ಲಿ ಬಿಟ್ಟಿರುವ ಜಾಗಗಳಲ್ಲಿ ನಿಂತು ದಾರಿ ಕೊಡಬೇಕು. ಇಳಿದ ಮೇಲೆ ಸ್ಟ್ರಾತ್‌ಕ್ಯಾರನ್ ನಿಲ್ದಾಣದಿಂದ ಇನ್ವರ್ನೆಸ್‌ಗೆ ರೈಲು ಸಿಗುತ್ತದೆ. ಸೈಕಲ್ಲಿನ ಜಾಗವನ್ನು ಟಿಕೆಟಿನ ಜೊತೆಯಲ್ಲಿಯೇ ಕಾಯ್ದಿರಿಸಿ.

ಮತ್ತೊಂದು ಮಾತು. ಬೆಟ್ಟಸೀಮೆಯಲ್ಲಿ ಗಾಳಿ ನಿಂತ ಸಂಜೆಗಳಲ್ಲಿ ಮಿಡ್ಜ್ ಎಂಬ ಕಚ್ಚುವ ನುಸಿಗಳು ಮೋಡದಂತೆ ಏಳುತ್ತವೆ. ಮುಖಕ್ಕೆ ಹಾಕುವ ಬಲೆಯನ್ನು ಮರೆಯಬೇಡಿ, ಡೇರೆಯನ್ನು ಗಾಳಿಯಾಡುವ ದಿಬ್ಬದ ಮೇಲೆ ಹಾಕಿ. ಹೊರಡುವ ಮೊದಲು ಒಂದು ಭಾನುವಾರ ಪೂರ್ತಿ ಸಾಮಾನು ಕಟ್ಟಿಕೊಂಡು ಇಲ್ಲಿಗೆ ಬನ್ನಿ, ಜೋಗಿಮಟ್ಟಿಯ ಏರನ್ನು ಒಟ್ಟಿಗೆ ಹತ್ತಿ ನಿಮ್ಮ ಗೇರುಗಳು ಸಾಕಾಗುತ್ತವೆಯೇ ನೋಡೋಣ.